ಮುಲ್ಕಿ ಪರೀಕ್ಷೆಯ ಒಂಟಿ ಸೀನು

ಅಲರ್ಜಿ ಎಂಬ ಶಬ್ದ ಆಗಿನ್ನೂ ನಮ್ಮ ಶಿಗ್ಗಾಂವಿ ಸೀಮೆಗೆ ಬಂದಿರಲಿಲ್ಲ. ಬಂದಿದ್ದರೂ ನಮ್ಮೂರಲ್ಲಿ ಅದಕ್ಕೆ ಯಾರೂ ಮಣೆ ಹಾಕುತ್ತಿರಲಿಲ್ಲ. ಸೀನಿದರೆ ನೆಗಡಿ, ನೆಗಡಿಯಾದರೆ ಮೆಣಸಿನ ಕಷಾಯ, ಕಷಾಯಕ್ಕೂ ಬಗ್ಗದಿದ್ದರೆ ಅರಿಷಿಣ ಕೊಂಬಿನ ಹೊಗೆ. ಅಲ್ಲಿಗೆ ನಮ್ಮ ವೈದ್ಯ ಮುಗಿಯಿತು. ನಾನು ಎರಡಕ್ಕೂ ಬಗ್ಗದವಳು. ಸಂಕ್ರಾಂತಿ ದಾಟಿ ಜೋಳ ಕೊಯ್ಲಿಗೆ ಬಂದ ದಿನದಿಂದ ಯುಗಾದಿಯ ಬೇವು-ಬೆಲ್ಲ ತಿನ್ನುವವರೆಗೆ ನನ್ನ ಮೂಗು ನನ್ನ ಮಾತು ಕೇಳುತ್ತಿರಲಿಲ್ಲ. ಹಡೆದವರು ಇಟ್ಟ ಹೆಸರು ಗಿರಿಜಾ, ಊರು ಕರೆಯುತ್ತಿದ್ದುದು ಸೀನವ್ವ. ಇಷ್ಟು ವರ್ಷ ಕಳೆದರೂ ಊರಿಗೆ ಹೋದರೆ ಅಗಸಿ ಬಾಗಿಲಲ್ಲಿ ಕೂತ ಒಬ್ಬಿಬ್ಬ ಮುದುಕರು ಹಾಗೆಯೇ ಕರೆಯುತ್ತಾರೆ. ಅವರ ಬಾಯಿಗಿಷ್ಟು ಹೊಟ್ಟು ಬೀಳಲಿ ಎಂದು ನಾನೂ ಪ್ರೀತಿಯಿಂದಲೇ ಬೈಯುತ್ತೇನೆ.

ನಮ್ಮೂರು ತಡಸದಿಂದ ಬಂಡಿಯ ಹಾದಿ ಹಿಡಿದು ಒಳಗೆ ಹೋದರೆ ಸಿಗುತ್ತಿತ್ತು. ಸುಗ್ಗಿ ಬಂತೆಂದರೆ ಊರಿಗೆ ಊರೇ ಕಣದಲ್ಲಿ. ಸಗಣಿ ಸಾರಿಸಿದ ನೆಲದ ವಾಸನೆ, ಹೊಸ ದಂಟಿನ ಸಿಹಿ ವಾಸನೆ, ಮೇಟಿ ಸುತ್ತುವ ಎತ್ತುಗಳ ಬೆವರು, ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಸಜ್ಜೆ ರೊಟ್ಟಿ, ಬದನೆಯ ಎಣ್ಣೆಗಾಯಿ, ಅದರ ಮೇಲೆ ಗಟ್ಟಿ ಮೊಸರು. ಇಷ್ಟು ಚಂದದ ಕಾಲ ವರ್ಷದಲ್ಲಿ ಇನ್ನೊಂದಿಲ್ಲ. ಆದರೆ ದೊಡ್ಡವರು ಗಾಳಿ ನೋಡಿ ಜೋಳ ತೂರಲು ನಿಂತರೋ, ಹೊಟ್ಟು ಹಾರಿ ನನ್ನನ್ನೇ ಹುಡುಕಿಕೊಂಡು ಬರುತ್ತಿತ್ತು. ಒಂದು, ಎರಡು, ಹತ್ತು, ಹದಿನೈದು ಸೀನು. ಕಣ್ಣು ಕೆಂಪಾಗಿ, ಬಾತು, ರೆಪ್ಪೆಗಳು ಅಂಟಿಕೊಂಡುಬಿಡುತ್ತಿದ್ದವು. ಬಣವೆಯ ಸುತ್ತ ಕಣ್ಣುಮುಚ್ಚಾಲೆ ಆಡಿದರೆ ಮೊದಲು ಸಿಕ್ಕಿಬೀಳುವವಳು ನಾನೇ. ನನ್ನನ್ನು ಯಾರೂ ಹುಡುಕುತ್ತಿರಲಿಲ್ಲ, ಸುಮ್ಮನೆ ನಿಂತು ಕಾಯುತ್ತಿದ್ದರು.

ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ನಮ್ಮ ಕಡೆ ಸೀನಿಗೂ ಒಂದು ಶಾಸ್ತ್ರವಿದೆ. ಯಾರಾದರೂ ಊರಿಗೆ ಹೊರಟಾಗ, ಹೊಸ ಕೆಲಸಕ್ಕೆ ಕೈಹಚ್ಚುವಾಗ ಒಂಟಿ ಸೀನು ಬಿದ್ದರೆ ಕೆಟ್ಟದ್ದು. ಹೊರಟವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತು, ನೀರು ಕುಡಿದು ಹೋಗಬೇಕು. ಅದರ ಬೆನ್ನಿಗೆ ಇನ್ನೊಂದು ಬಿದ್ದು ಜೋಡಿಯಾದರೆ ಮಾತ್ರ ದೋಷ ಹೋಗಿ ಶುಭವಾಗುತ್ತದೆ. ನಮ್ಮ ಕಾಕಾ ಒಮ್ಮೆ ಎತ್ತು ನೋಡಲು ಸವಣೂರಿಗೆ ಹೊರಟವನು ನನ್ನ ದೆಸೆಯಿಂದ ಮೂರು ಸಲ ಒಳಗೆ ಬಂದು ಮೂರು ತಂಬಿಗೆ ನೀರು ಕುಡಿದ. ಕೊನೆಗೆ ನನ್ನೆದುರು ಕುಕ್ಕರುಗಾಲಲ್ಲಿ ಕೂತು ಕೈಮುಗಿದ.

"ಯವ್ವಾ ಸೀನವ್ವಾ, ಇನ್ನೊಂದ ಸೀನಿಬಿಡ ನಮ್ಮವ್ವಾ. ಬಸ್ಸು ಹೊಂಟ ಹೋಕೈತಿ!"

ಬಸ್ಸು ಹೋಯಿತು. ಎತ್ತನ್ನು ಬೇರೆಯವರು ಹೊಡೆದುಕೊಂಡು ಹೋದರು. ಆ ಎತ್ತು ಮುಂದೆ ಹಾಯುವ ಎತ್ತಾಯಿತಂತೆ, ಅದಕ್ಕೆ ಕಾಕಾ ನನಗೊಂದು ಪರಕಾರಕ್ಕೆ, ಅಂದರೆ ಲಂಗಕ್ಕೆ, ಬಟ್ಟೆ ತಂದುಕೊಟ್ಟ ಎನ್ನುವುದು ಬೇರೆ ಮಾತು.

ಇನ್ನು ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಏಳನೆಯ ಇಯತ್ತೆಗೆ ಮುಲ್ಕಿ ಎಂಬ ಸರಕಾರಿ ಪರೀಕ್ಷೆ ಇತ್ತು. ಅದು ಪಾಸಾದರೆ ಟ್ರೇನಿಂಗಿಗೆ ಹೋಗಿ ಮಾಸ್ತರಿಕೆ ಹಿಡಿಯಬಹುದಿತ್ತು. ಆ ಪರೀಕ್ಷೆಯನ್ನು ಸರಕಾರ ಇಟ್ಟದ್ದು ಮಾತ್ರ ಸರಿಯಾಗಿ ಸುಗ್ಗಿಯ ತುದಿಗೆ. ಮೊದಲ ವರ್ಷ ನಾನು ಕೂತಾಗ ಎರಡನೆಯ ದಿನವೇ ಕಣ್ಣು ಬಾತು ಗೆರೆ ಕಾಣದಾಯಿತು, ಮೂಗಿನ ನೀರು ಮಸಿಯ ಮೇಲೆ ಬಿದ್ದು ಉತ್ತರಗಳೆಲ್ಲ ಒಂದರೊಳಗೊಂದು ಹರಿದವು. ನಪಾಸಾದೆ. ಅಪ್ಪ ಬೈಯಲಿಲ್ಲ. ಸಾಕು ಬಿಡು, ಹೊಲ ಇದೆ ಎಂದ. ಅಪ್ಪನ ಮಾತಿಗೆ ಎಂದೂ ಎದುರಾಡದ ಅವ್ವ ಅಂದು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎದ್ದು ಬಂದಳು.

"ಹೊಲದಾಗ ದುಡ್ಯಾಕ ಆಗೂದಿಲ್ಲ, ಕಣದಾಗ ಒಂದ ತಾಸು ನಿಂದ್ರಾಕ ಆಗೂದಿಲ್ಲ. ಈಕಿನ್ನ ಯಾವ ಒಕ್ಕಲತನದ ಮನಿಗೆ ಕೊಡ್ತೀರಿ? ಮೊದಲನೇ ಸುಗ್ಗ್ಯಾಗ ಉಸರು ಕಟ್ಟಿ ಸಾಯ್ತಾಳ. ನೆಳ್ಳಾಗ ಕುಂತು ಮಾಡೂ ಕೆಲಸ ಇದ್ರ ಬದುಕ್ತಾಳ. ಇನ್ನೊಂದ ಸಲ ಕುಂಡ್ರಸ್ರಿ."

ಅಪ್ಪ ಅಡಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡ. "ಒಂದ ಸಲ," ಎಂದ. "ಈ ಸಲ ಆಗಲಿಲ್ಲಂದ್ರ ಪಾಟಿ-ಪುಸ್ತಕ ಅಟ್ಟಕ್ಕ."

ಹಾಗಾಗಿ ಎರಡನೆಯ ಮುಲ್ಕಿ ನನಗೆ ಬರೀ ಪರೀಕ್ಷೆಯಾಗಿರಲಿಲ್ಲ. ಸೀನಿನ ಸಲುವಾಗಿ ನಾನು ಪಾಸಾಗಲೇಬೇಕಿತ್ತು, ಆದರೆ ಪಾಸಾಗಲು ಆ ಸೀನೇ ಬಿಡುತ್ತಿರಲಿಲ್ಲ. ಹದಿಮೂರು ವರ್ಷದ ಹುಡುಗಿಗೆ ಇದಕ್ಕಿಂತ ದೊಡ್ಡ ಗಣಿತ ಯಾವುದಿದೆ ಹೇಳಿ.

ದಾರಿ ತೋರಿಸಿದವನು ಪಿಂಜಾರ ಮೌಲಾಸಾಬ. ಬೇಸಿಗೆ ಶುರುವಾಗುವ ಮೊದಲು ಬಂಕಾಪುರದಿಂದ ಬಿಲ್ಲು ಹೊತ್ತು ಬಂದು, ಮನೆಮನೆಯ ಹಳೆಯ ಗಾದಿ ಬಿಚ್ಚಿ ಹತ್ತಿ ಹಿಂಜುತ್ತಿದ್ದ. ನಮ್ಮ ಪಡಸಾಲೆಯಲ್ಲಿ ಟಂಯ್ ಟಂಯ್ ಎಂದು ಬಿಲ್ಲಿನ ನಾದ, ಸುತ್ತ ಮಂಜಿನಂತೆ ಹತ್ತಿಯ ಧೂಳು, ನಡುವೆ ಮುಖಕ್ಕೆ ಅರಿವೆ ಕಟ್ಟಿಕೊಂಡು ಆರಾಮಾಗಿ ಕೂತ ಮನುಷ್ಯ. ನಾನು ಹಿತ್ತಲಲ್ಲಿ ನಿಂತೇ ಸೀನುತ್ತಿದ್ದೆ. ಅವನದು ಒಂದೂ ಇಲ್ಲ. ಅವ್ವ ಚಹಾ ಕೊಡುತ್ತ ಕೇಳಿಯೇಬಿಟ್ಟಳು.

"ಮೌಲಾಸಾಬಣ್ಣಾ, ಇಷ್ಟ ಧೂಳಾಗ ನಿಮಗ ಸೀನು ಹ್ಯಾಂಗ ಬರೂದಿಲ್ರಿ?"

"ಮೊದಲ ಬರ್ತಿದ್ದುವ್ರೆವ್ವಾ. ನಮ್ಮಪ್ಪ ಕಲಿಸಿದ. ಮೂಗು ಮುಚ್ಚಿದ್ರ ಉಸರು ಕಟ್ತೈತಿ. ಮುಚ್ಚಬಾರದು, ತೋಯಿಸಬೇಕು." ಅವನು ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡ. "ನೋಡವಾ ಬೇಟಿ. ಮುಂಜಾನೆ ಎದ್ದ ಕೂಡ್ಲೆ ಕಿರಿಬೆರಳಿಲೆ ಮೂಗಿನೊಳಗ ತುಪ್ಪ ಸವರ್ಕೋ. ಹಳೇ ತೆಳ್ಳನ ಅರಿವಿ ಮೂರು ಮಡಿಕಿ ಮಾಡಿ, ತೋಯಿಸಿ ಹಿಂಡಿ, ಹಿಂಗ ಕಟ್ಕೋ. ಒಣಗಿತಂದ್ರ ಮತ್ತ ತೋಯಿಸು. ಕೆಲಸ ಮುಗದ ಮ್ಯಾಲ ಒಂದ ಚೂರು ಬೆಲ್ಲ. ಅಷ್ಟ. ಇದಕ್ಕ ಮಂತ್ರ ಇಲ್ಲ, ತಾಯತ ಇಲ್ಲ."

ಅವ್ವ ತನ್ನ ಹಳೆಯ ಸೀರೆಯ ಒಂದು ಅಂಚನ್ನು ಆಗಲೇ ಹರಿದಳು. ಅಂದಿನಿಂದ ನಾನು ಮುಖ ಕಟ್ಟಿಕೊಂಡೇ ಓದಿದೆ, ಮುಖ ಕಟ್ಟಿಕೊಂಡೇ ಮಗ್ಗಿ ಹೇಳಿದೆ. ಕಟ್ಟೆಯ ಮೇಲಿನ ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕರು. ಸೀನು ಹದಿನೈದರಿಂದ ನಾಲ್ಕೈದಕ್ಕೆ ಇಳಿಯಿತು. ಕಣ್ಣು ಬಾತುಕೊಳ್ಳುವುದು ನಿಂತೇಹೋಯಿತು. ನಕ್ಕವರಿಗೆ ಅವ್ವ, "ಹಲ್ಲು ಒಳಗ ಇಟ್ಕೋರಿ, ಹೊಟ್ಟು ಹೊಕ್ಕೀತು," ಎಂದಳು.

ಮುಲ್ಕಿಯ ಕೇಂದ್ರ ಶಿಗ್ಗಾಂವಿ. ನಮ್ಮ ಮಾಸ್ತರರು ಪ್ರತಿವರ್ಷ ಮಕ್ಕಳನ್ನೆಲ್ಲ ತಾವೇ ಕರೆದುಕೊಂಡು ಹೋಗಿ, ಯಾವುದಾದರೂ ಗುಡಿಯ ಪೌಳಿಯಲ್ಲಿ ಇಳಿಸಿ, ಪರೀಕ್ಷೆ ಮುಗಿಯುವತನಕ ಕಾದು, ವಾಪಸು ಕರೆತರುತ್ತಿದ್ದರು. ಆ ವರ್ಷ ನಾಲ್ವರು ಹುಡುಗರು, ನಾನೊಬ್ಬಳೇ ಹುಡುಗಿ. ನನ್ನ ಕಾವಲಿಗೆ ಮತ್ತು ಎಲ್ಲರ ಅಡಿಗೆಗೆ ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಹೊರಟಳು. ಕಟಕ ರೊಟ್ಟಿಯ ಗಂಟು, ಶೇಂಗಾದ ಹಿಂಡಿ, ಗುರೆಳ್ಳ ಚಟ್ನಿ, ಮಸಿಯ ದೌತಿ, ಬರೆಯುವ ಟಾಕು, ಎಲ್ಲ ಬಂಡಿಗೆ ಬಿದ್ದವು. ಹುಡುಗರ ತಾಯಂದಿರು ಆರತಿ ತಂದು ನಿಂತರು. ಎಲ್ಲರ ಕಣ್ಣೂ ನನ್ನ ಮೂಗಿನ ಮೇಲೆ. ಆ ನಾಲ್ವರಲ್ಲೊಬ್ಬನಾದ ಬಸ್ಯಾನ ತಾಯಿ ನೇರವಾಗಿಯೇ ಹೇಳಿದಳು.

"ಮಾಸ್ತರ್ರ, ಈಕಿನ್ನ ಊರು ದಾಟಿದ ಮ್ಯಾಲ ಹತ್ತಿಸಿಕೋರಿ. ನನ್ನ ಮಗ ಹೊಂಡೂ ಹೊತ್ತಿನ್ಯಾಗ ಈಕಿ ಸೀನಬಾರದು."

ಮಾಸ್ತರರು ಮುಜುಗರದಿಂದ ನೆಲ ನೋಡಿದರು. ಆಯಿ ನನ್ನ ಕೈಹಿಡಿದು ಬಂಡಿಯಿಂದ ಇಳಿಸಿ, ಅಗಸಿ ದಾಟಿ ಹಳ್ಳದವರೆಗೆ ನಡೆಸಿಕೊಂಡು ಹೋದಳು. ನನಗೆ ಅಳು ಬಂತು. "ಅಳಬ್ಯಾಡ, ಅರಿವಿ ತೋಯೂದು ನೀರಿಲೆ, ಕಣ್ಣೀರಿಲೆ ಅಲ್ಲ," ಎಂದು ಹಳ್ಳದಲ್ಲಿ ಅರಿವೆ ಅದ್ದಿ ಕಟ್ಟಿದಳು. ಬಂಡಿ ಬಂತು, ಹತ್ತಿದೆವು. ಬಸ್ಯಾ ನನಗೆ ಜಾಗ ಬಿಟ್ಟು, ಪಾಪ, ಕಿಸೆಯಿಂದ ಹುರಿಗಡಲೆ ತೆಗೆದು ಕೊಟ್ಟ.

ತಡಸದಲ್ಲಿ ಬಸ್ಸಿನ ಕಂಡಕ್ಟರ ನನ್ನ ಮುಖ ನೋಡಿ ಅಡ್ಡ ಕೈಹಾಕಿದ. "ಅಮ್ಮಾರು ಬಂದಾರೇನ ಹುಡುಗಿಗೆ? ಹತ್ತಿಸೂದಿಲ್ಲ." ಮೈಲಿಬೇನೆಯನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು. ಆಯಿ ನನ್ನ ಅರಿವೆ ಸರಿಸಿ, ಗಲ್ಲ ಹಿಡಿದು ಆಕಡೆ ಈಕಡೆ ತಿರುಗಿಸಿ ತೋರಿಸಿದಳು. "ನೋಡ ತಮ್ಮಾ, ಒಂದ ಗುಳ್ಳಿ ಇದ್ರ ತೋರ್ಸು. ಧೂಳಿಗೆ ಕಟ್ಯಾಳ. ನಿನ್ನ ಬಸ್ಸಿನ ಧೂಳಿಗೆ ನೀನೂ ಕಟ್ಕೊಂಡ್ರ ಛಲೋ." ಬಸ್ಸೆಲ್ಲ ನಕ್ಕಿತು. ಕಿಟಕಿಯಿಂದ ಕೆಂಧೂಳು, ಮಾವಿನ ಹೂವಿನ ಘಮ, ದಾರಿಯುದ್ದಕ್ಕೂ ಕಣಗಳು. ಆಯಿ ತಂಬಿಗೆಯ ನೀರಲ್ಲಿ ಮತ್ತೆ ಮತ್ತೆ ಅರಿವೆ ತೋಯಿಸಿದಳು, ತಾನು ಬಾಯಾರಿದರೂ ಆ ನೀರು ಕುಡಿಯಲಿಲ್ಲ.

ಮೊದಲ ದಿನವೇ ಗಣಿತ. ದೊಡ್ಡ ಕೋಣೆ, ನೂರರ ಹತ್ತಿರ ಮಕ್ಕಳು, ನಾನು ಕಿಟಕಿಯ ಪಕ್ಕ. ಕಿಟಕಿಯ ಆಚೆ ಒಂದು ಹೊಂಗೆಯ ಗಿಡ ಮೈತುಂಬ ಹೂಬಿಟ್ಟು ನಿಂತಿತ್ತು. ಪರೀಕ್ಷೆಯ ದೊಡ್ಡ ಸಾಹೇಬರು ಜರಿ ರುಮಾಲು, ಕರಿ ಕೋಟಿನವರು. ಎದುರು ಮೇಜಿನ ಮೇಲೆ ಅರಗಿನ ಮುದ್ರೆ ಹಾಕಿದ ಪ್ರಶ್ನೆಪತ್ರಿಕೆಯ ಪಾಕೀಟು. ಅವರು ಅದನ್ನು ಒಡೆಯುವ ಮೊದಲು ನನ್ನ ಹತ್ತಿರ ಬಂದರು.

"ಏನದು ಮಾರಿಗೆ? ಚೀಟಿ-ಗೀಟಿ ಇಟ್ಟೀ ಏನ? ಬಿಚ್ಚು."

"ಧೂಳಿಗೆ ಸೀನು ಬರ್ತಾವ್ರಿ ಸಾಹೇಬ್ರ."

"ಪರೀಕ್ಷಾದಾಗ ಎಲ್ಲಾರಿಗೂ ಏನಾರ ಒಂದು ಬರ್ತೈತಿ. ಬಿಚ್ಚು."

ಬಿಚ್ಚಿ ಕೊಟ್ಟೆ. ಅದನ್ನು ಮೇಜಿನ ಮೇಲಿಟ್ಟು, ಕತ್ತರಿ ಎತ್ತಿ, ಅರಗಿಗೆ ತಾಗಿಸಿದರು. ಅಷ್ಟರಲ್ಲಿ ಹೊಂಗೆಯ ಗಾಳಿ ಒಳಗೆ ಬಂತು.

"ಆಕ್ಷೀ!"

ಒಂದೇ ಒಂದು. ಸಾಹೇಬರ ಕೈ ಅಲ್ಲಿಯೇ ನಿಂತಿತು. ಕತ್ತರಿ ಕೆಳಗಿಟ್ಟರು. ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕೂತು, ನೀರು ತರಿಸಿ ಕುಡಿದರು. ಆಮೇಲೆ ನನ್ನತ್ತ ನೋಡಿದರು. ಈಗ ದನಿಯಲ್ಲಿ ಜೋರಿಲ್ಲ.

"ಇನ್ನೊಂದು ಬರ್ತೈತೇನವಾ?"

"ಗೊತ್ತಿಲ್ರಿ."

"ಬರ್ತೈತಿ, ಬರ್ತೈತಿ. ಕಾಯೂನು."

ಕಾದೆವು. ಬರಲಿಲ್ಲ! ಜನ್ಮವಿಡೀ ಬೇಡವೆಂದಾಗ ಬಂದ ಸೀನು ಅಂದು ಬೇಕೆಂದಾಗ ಬರಲಿಲ್ಲ. ಮೌಲಾಸಾಬನ ತುಪ್ಪ ತನ್ನ ಕೆಲಸ ಮಾಡಿತ್ತು. ಕೈಗಡಿಯಾರ ಕಟ್ಟಿದ್ದ ಒಬ್ಬ ಎಳೆಯ ಮಾಸ್ತರ ಮೆಲ್ಲಗೆ, "ಗಂಟಿ ಆಗಿ ಹತ್ತ ಮಿನಿಟ ಆತ್ರಿ ಸಾಹೇಬ್ರ," ಎಂದ.

"ನಿಮಗೇನ ತಿಳೀತೈತ್ರಿ? ನೂರು ಮಕ್ಕಳ ಬಾಳೇ ಐತಿ ಈ ಪಾಕೀಟಿನ್ಯಾಗ. ಒಂಟಿ ಸೀನಿನ ಮ್ಯಾಲ ಒಡದು, ಎಲ್ಲಾರೂ ನಪಾಸ ಆದ್ರ ಹೊಣಿ ಯಾರು?"

ಕೋಣೆಗೆ ಕೋಣೆಯೇ ತಲೆಯಾಡಿಸಿತು. ಎಲ್ಲರೂ ಒಕ್ಕಲತನದ ಮನೆಯ ಮಕ್ಕಳೇ, ಆ ಮಾತು ಯಾರಿಗೂ ಹುಚ್ಚೆನಿಸಲಿಲ್ಲ. ನನಗೂ ಅನಿಸಲಿಲ್ಲ. ಹಿಂದಿನಿಂದ ಬಸ್ಯಾ, "ಸೀನ ಬೇ ಸೀನವ್ವಾ, ಓದಿದ್ದೆಲ್ಲಾ ಮರ್ತ ಹೊಂಟೈತಿ ನನಗ!" ಎಂದು ಗೋಗರೆದ. ಹೊರಗೆ ಗಿಡದ ಕೆಳಗೆ ನಮ್ಮ ಮಾಸ್ತರರು ಏನಾಯಿತೆಂದು ಕೈಬೀಸಿ ಕೇಳುತ್ತಿದ್ದರು. ನಾನು ಬಿಸಿಲನ್ನು ದಿಟ್ಟಿಸಿದೆ. ಟಾಕಿನ ಹಿಂದಿನ ತುದಿಯಿಂದ ಮೂಗು ಕೆರೆದೆ. ಸೀನಿನ ಸುಳಿವಿಲ್ಲ.

ಆಗ ಸಾಹೇಬರು ಕೋಟಿನ ಕಿಸೆಯಿಂದ ಬೆಳ್ಳಿಯ ನಶ್ಯದ ಡಬ್ಬಿ ತೆಗೆದರು. "ತಗೋ, ಒಂದ ಚಿಟಿಕಿ ಏರಿಸು. ಬೆಂಕಿ ಐತಿ ಮಾಲು."

ನಶ್ಯ ಏರಿಸಿದರೆ ಜೋಡಿಯಲ್ಲ, ಇಪ್ಪತ್ತು ಬೀಳುತ್ತವೆ. ಕಣ್ಣು ಬಾತುಕೊಳ್ಳುತ್ತದೆ, ಹೋದ ವರ್ಷದ್ದೇ ಕತೆ. ಬೇಡವೆಂದರೆ ನೂರು ಮಕ್ಕಳ ಹೊತ್ತು ಹೋಗುತ್ತದೆ. ಡಬ್ಬಿ ಹತ್ತಿರ ಬರುತ್ತಿತ್ತು. ರೊಟ್ಟಿ ಬಿಟ್ಟು ಎದ್ದು ಬಂದ ಅವ್ವನ ಹಿಟ್ಟುಗೈಗಳು ಕಣ್ಣ ಮುಂದೆ ಬಂದವು.

"ಬ್ಯಾಡ್ರಿ ಸಾಹೇಬ್ರ, ಬಂತ್ರಿ, ತಾನ ಬಂತು!" ಎಂದು ಕತ್ತು ಹಿಂದೆ ಚೆಲ್ಲಿದೆ, ಕಣ್ಣು ಮುಚ್ಚಿದೆ, ಬಾಯಿ ತೆರೆದೆ, ಮೂಗು ನಡುಗಿಸಿದೆ. "ಆಆ... ಕ್ಷೀ!"

ಅಪ್ಪಟ ಸುಳ್ಳು ಸೀನು. ಆದರೆ ಹದಿಮೂರು ವರ್ಷದ ಸಾಧನೆ ಸುಮ್ಮನೆ ಹೋದೀತೆ? ಖರೆ ಸೀನಿಗಿಂತ ಚಂದ ಬಿತ್ತು. ಕೋಣೆಯೆಲ್ಲ ಉಸಿರು ಬಿಟ್ಟಿತು. ಸಾಹೇಬರು, "ಶಿವ ಶಿವಾ! ನೂರ ವರ್ಷ ಬಾಳ ನನ್ನವ್ವಾ," ಎಂದು ಎದ್ದು ಪಾಕೀಟು ಒಡೆದರು. ನನ್ನ ಅರಿವೆಯನ್ನು ಬಿಸಿಲಿಗೆ ಹಿಡಿದು ಎರಡೂ ಮಗ್ಗುಲು ನೋಡಿ, ತಾವೇ ಹೂಜಿಯ ನೀರಲ್ಲಿ ಅದ್ದಿ ತಂದುಕೊಟ್ಟರು. "ಕಟ್ಕೋ. ಇನ್ನ ಮುಗಿಯೂತನಕ ಒಂದೂ ಬ್ಯಾಡ."

ನಾನು ಬರೆದೆ. ಗೆರೆ ಕಾಣುತ್ತಿತ್ತು, ಮಸಿ ಹರಿಯಲಿಲ್ಲ. ಉಳಿದ ದಿನಗಳೂ ಹಾಗೆಯೇ ಸಾಗಿದವು. ಆದರೆ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಸಾಹೇಬರಿಗೆ ಮೋಸವಾಯಿತು ಸರಿ, ದೇವರಿಗೆ ಗೊತ್ತಾಗದೆ ಇದ್ದೀತೆ? ನೂರು ಮಕ್ಕಳ ಪರೀಕ್ಷೆ ನನ್ನ ಸುಳ್ಳಿನ ಮೇಲೆ ನಿಂತಿದೆ. ಆಯಿಗೂ ಹೇಳಲಿಲ್ಲ.

ಪರೀಕ್ಷೆಯ ನಿಕಾಲು ಬಂದದ್ದು ಮಿರಗದ ಮಳೆಯ ಹೊತ್ತಿಗೆ. ಮಾಸ್ತರರು ತೊಯ್ದುಕೊಂಡೇ ಬಂದರು. ಐವರಲ್ಲಿ ನಾಲ್ವರು ಪಾಸು. ನಾನೂ ಪಾಸು. ಬಸ್ಯಾ ಒಬ್ಬ ನಪಾಸು. ನಾನು ಹೋ ಎಂದು ಅಳತೊಡಗಿದೆ. ಎಲ್ಲರೂ ಖುಷಿಗೆ ಅಳುತ್ತಿದ್ದಾಳೆ ಅಂದುಕೊಂಡು ಸಕ್ಕರೆ ಹಂಚಲು ಓಡಿದರು. ಒಲೆಯ ಮುಂದೆ ಅವ್ವ ಒಬ್ಬಳೇ ಉಳಿದಾಗ ಬಿಕ್ಕುತ್ತ ಎಲ್ಲ ಹೇಳಿಬಿಟ್ಟೆ. ಸುಳ್ಳು ಸೀನಿದ್ದು, ಅದರಿಂದಲೇ ಬಸ್ಯಾ ಮುಳುಗಿದ್ದು.

ಅವ್ವ ಮೊದಲು ನನ್ನ ಮುಖವನ್ನೇ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಹಂಚಿನ ಮೇಲಿನ ರೊಟ್ಟಿ ಸೀದು ಕರಕಾಯಿತು, ನಗು ನಿಲ್ಲಲಿಲ್ಲ.

"ಬಸ್ಯಾ? ಆನಿ ಬಂದು ಜೋಡಿ ಸೀನಿದ್ರೂ ಬಸ್ಯಾ ಪಾಸ್ ಆಗ್ತಿದ್ದಿಲ್ಲಬೇ! ಸೀನಿದ್ದು ಸುಳ್ಳಿದ್ರ ಇರ್ಲಿ, ಬರದದ್ದು ಖರೇ ಐತಲ್ಲ." ನಗುನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂತು. ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. "ಇನ್ನ ನೀ ಕಣಕ್ಕ ಬರೂದು ಬ್ಯಾಡ ನನ್ನವ್ವಾ. ಬರೂದ ಬ್ಯಾಡ."

ಇಬ್ಬರಿಗೂ ಅಂದು ಆ ಮಾತು ಸಕ್ಕರೆಯಷ್ಟೇ ಸಿಹಿಯಾಗಿತ್ತು.

ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ರಟ್ಟೀಹಳ್ಳಿಯ ಕಡೆ ಶಾಲೆ ಸೇರಿದೆ. ಮದುವೆ, ಮಕ್ಕಳು, ಹಿರೇಕೆರೂರಿಗೆ ವರ್ಗ. ಸುಗ್ಗಿ ಬಂತೆಂದರೆ ಯಾರ ಕೈಯಿಂದಲೋ ಬರೆಸಿದ ಅವ್ವನ ಕಾರ್ಡು ಬರುತ್ತಿತ್ತು: ರಾಶಿ ಮುಗಿದಿಲ್ಲ, ಈಗ ಬರಬೇಡ. ರಾಶಿ ಮುಗಿದ ಮೇಲೆ ಅವಳೇ ಬರುತ್ತಿದ್ದಳು. ಬಂದವಳು ಮೊಮ್ಮಕ್ಕಳನ್ನೂ ಮುಟ್ಟದೆ ಹಿತ್ತಲಿಗೆ ಹೋಗಿ, ತಲೆಗೆ ನೀರು ಹಾಕಿಕೊಂಡು, ನನ್ನ ಸೀರೆ ಉಟ್ಟು, ಆಮೇಲೆ ಒಳಗೆ ಬರುತ್ತಿದ್ದಳು. ತನ್ನ ಮೈಮೇಲಿನ ಒಂದು ಎಳೆ ಹೊಟ್ಟೂ ನನಗೆ ತಾಗಬಾರದು. ಹೀಗೆ ಮೂವತ್ತು ವರ್ಷ. ಅಷ್ಟೂ ಸುಗ್ಗಿ ನಾನು ತವರಿನ ಕಣ ನೋಡಲಿಲ್ಲ, ಅವ್ವ ಮೊರ ಹಿಡಿದು ಜೋಳ ಕೇರುವುದನ್ನು ನೋಡಲಿಲ್ಲ. ಈಗ ಊರಲ್ಲಿ ಕಣಗಳೇ ಇಲ್ಲ, ಯಂತ್ರ ಬಂದು ಅರ್ಧ ದಿನದಲ್ಲಿ ಕಾಳು ಮಾಡಿ ಹೋಗುತ್ತದೆ. ಡಾಕ್ಟರರ ಒಂದು ಗುಳಿಗೆ ನುಂಗಿದರೆ ನನಗೆ ಸೀನೂ ಇಲ್ಲ. ಪರೀಕ್ಷೆ ಪಾಸಾದದ್ದಕ್ಕೆ ಪಶ್ಚಾತ್ತಾಪವಿಲ್ಲ, ಆ ನೌಕರಿಯೇ ನನಗೆ ಅನ್ನ ಹಾಕಿತು. ಆದರೆ ನಾನು ಕಳೆದುಕೊಂಡದ್ದು ಎಷ್ಟೆಂದು ನನಗೆ ಚೆನ್ನಾಗಿ ಗೊತ್ತಿದೆ.

ಅವ್ವ ತೀರಿಹೋಗುವ ಹಿಂದಿನ ವರ್ಷ, ನಡುಸುಗ್ಗಿಯಲ್ಲಿ, ಹೇಳದೆ ಕೇಳದೆ ಬಂದಳು. ಆಗಲೇ ಅವಳಿಗೆ ಮರೆವು ಶುರುವಾಗಿತ್ತು. ಕಣದಿಂದ ಎದ್ದವಳು ಹಾಗೆಯೇ ಬಸ್ಸು ಹತ್ತಿದ್ದಳು. ಬಾಗಿಲು ತೆಗೆದ ಕೂಡಲೇ ನನ್ನನ್ನು ತಬ್ಬಿಕೊಂಡಳು. ಬಿಳಿಕೂದಲ ತುಂಬ ಜೋಳದ ಹೊಟ್ಟು, ಸೆರಗಿನ ತುಂಬ ಹೊಸ ದಂಟಿನ ವಾಸನೆ. ನಾನು ಸೀನಿದೆ. ಮತ್ತೆ ಸೀನಿದೆ. ಅವಳಿಗೆ ಥಟ್ಟನೆ ನೆನಪಾಗಿ ಮುಖ ಸಣ್ಣದಾಯಿತು.

"ಅಯ್ಯ ನನ್ನವ್ವಾ, ಜಳಕ ಮಾಡೂದ ಮರ್ತಬಿಟ್ನೆಲ್ಲಾ! ಬಿಡು, ಸರಿ ಅತ್ಲಾಗ, ಕಣ್ಣು ಬಾತಾವು..."

ಅವಳು ಕೊಸರಿಕೊಂಡಳು. ನಾನು ಬಿಡಲಿಲ್ಲ. ಅವಳ ತಲೆಯಲ್ಲಿ ಮುಖ ಹುದುಗಿಸಿ, ಸೀನುತ್ತ, ಅಳುತ್ತ, ಅಲ್ಲಿಯೇ ಹೊಸ್ತಿಲಲ್ಲಿ ನಿಂತುಕೊಂಡೆ.